ಬ್ರಸೆಲ್ಸಿನ ಚೆರ್ರಿ ಬಿಯರು

ರುಚಿಯೆಂಬುದು ನಾಲಗೆಯ ತುದಿಯಲ್ಲಿ ಹುಟ್ಟಿ ಅಲ್ಲಿಯೇ ಅಳಿದುಹೋಗುವ ಅಲ್ಪವಿಷಯವೆಂದು ಭಾವಿಸುವವರು ಬಹುಮಂದಿ. ಆದರೆ ಒಂದು ನಾಡಿನ ಜನರು ಯಾವುದನ್ನು ರುಚಿಯೆಂದು ಒಪ್ಪುವರೋ ಅದರ ಮೇಲೆ ಆ ನಾಡಿನ ತೋಟಗಳೂ ಕಸಬುಗಳೂ ಕುಟುಂಬಗಳೂ ನಿಂತಿರುವುದುಂಟು. ಆ ರುಚಿ ಬದಲಾಯಿತೆಂದರೆ ಇವೆಲ್ಲವೂ ಒಂದೊಂದಾಗಿ ಮಾಯವಾಗುವುದೂ ಉಂಟು. ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದಲ್ಲಿಯೂ ಅದರ ನೈಋತ್ಯಕ್ಕಿರುವ ಪಯೋಟನ್‌ಲಾಂಡ್ ಎಂಬ ಹಳ್ಳಿಗಾಡಿನಲ್ಲಿಯೂ ತಯಾರಾಗುವ ‘ಕ್ರೀಕ್’ ಎಂಬ ಚೆರ್ರಿ ಬಿಯರಿನ ಚರಿತ್ರೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಗೃಹಸ್ಥರ ಕೈಗೆ ಹೋಗುವ ಪತ್ರಿಕೆಯಲ್ಲಿ ಬಿಯರಿನ ಮಾತೇಕೆಂದು ಕೆಲವರು ವಾಚಕರು ಹುಬ್ಬೇರಿಸಬಹುದು. ಪಾನವನ್ನು ಹೊಗಳುವುದೂ ತೆಗಳುವುದೂ ಇಲ್ಲಿ ನಮ್ಮ ಉದ್ದೇಶವಲ್ಲ. ಗೋದಿ, ನೀರು, ಹಣ್ಣು, ಮರ, ರಾತ್ರಿಯ ಗಾಳಿ, ಇವಿಷ್ಟನ್ನೇ ಕೂಡಿಸಿ ಮೂರು ವರ್ಷ ಕಾದರೆ ಏನಾಗುವುದೆಂಬ ಸಂಗತಿಯು ಒಂದು ತೊಟ್ಟನ್ನೂ ಮುಟ್ಟದವರಿಗೂ ಕುತೂಹಲವನ್ನುಂಟುಮಾಡತಕ್ಕದ್ದು. ಅದರಲ್ಲಿಯೂ ಪ್ರತಿರಾತ್ರಿಯೂ ದೋಸೆಯ ಹಿಟ್ಟನ್ನು ರುಬ್ಬಿಟ್ಟು, ಬೆಳಗಾಗುವುದರೊಳಗೆ ಅದು ತಾನಾಗಿಯೇ ಉಬ್ಬಿ ಹುಳಿಯಾಗಿರುವುದನ್ನು ಕಾಣುವ ನಮ್ಮ ಗೃಹಿಣಿಯರಿಗೆ ಈ ವಿದ್ಯೆಯ ಮೂಲತತ್ತ್ವವನ್ನು ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಹಿಟ್ಟಿಗೆ ನಾವು ಹುದುಗನ್ನು ಹಾಕುವುದಿಲ್ಲ. ಅಕ್ಕಿ ಉದ್ದುಗಳಲ್ಲಿಯೂ ಸುತ್ತಮುತ್ತಲೂ ಇರುವ ಸೂಕ್ಷ್ಮಜೀವಿಗಳೇ ಆ ಕೆಲಸವನ್ನು ಮಾಡಿಕೊಳ್ಳುತ್ತವೆ. ಬ್ರಸೆಲ್ಸಿನವರ ಬಿಯರೂ ಹಾಗೆಯೇ ಹುಟ್ಟುವುದು.

ಕ್ರೀಕ್ ಎಂದರೆ ಅಲ್ಲಿಯ ಫ್ಲೆಮಿಷ್ ಭಾಷೆಯಲ್ಲಿ ಹುಳಿ ಚೆರ್ರಿ ಹಣ್ಣು. ಈ ಹಣ್ಣನ್ನು ಹಾಕುವ ಮುನ್ನ ಇರುವ ಮೂಲದ್ರವ್ಯಕ್ಕೆ ‘ಲಾಂಬಿಕ್’ ಎಂದು ಹೆಸರು. ಸಾಧಾರಣವಾದ ಬಿಯರನ್ನು ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಯಿಂದ ಮಾಡುತ್ತಾರೆ. ಲಾಂಬಿಕ್ಕಿಗಾದರೋ ಅದರ ಜೊತೆಗೆ ಮೊಳಕೆ ಬರಿಸದ ಹಸಿ ಗೋದಿಯನ್ನು ಸೇರಿಸತಕ್ಕದ್ದು. ಒಟ್ಟು ಧಾನ್ಯದಲ್ಲಿ ನೂರಕ್ಕೆ ೩೦ರಿಂದ ೪೦ ಪಾಲು ಗೋದಿಯೇ ಇರುವುದು. ಹಸಿ ಗೋದಿಯ ಪಿಷ್ಟವು ಬೇಗ ಕರಗುವಂಥದಲ್ಲ. ಸಾಮಾನ್ಯ ಹುದುಗು ಮುಟ್ಟಲಾರದ ಈ ಗಟ್ಟಿ ಅಂಶವೇ ಮುಂದೆ ಪೀಪಾಯಿಯೊಳಗೆ ವರ್ಷಗಟ್ಟಲೆ ಜೀವಾಣುಗಳಿಗೆ ಬುತ್ತಿಯಾಗಿ ಉಳಿಯುವುದು. ಧಾನ್ಯದ ರಸವನ್ನು ಬಹಳ ಹೊತ್ತು ಕುದಿಸಿ, ಹಾಪ್ ಎಂಬ ಬಳ್ಳಿಯ ಹೂವನ್ನು ಅದಕ್ಕೆ ಹಾಕುತ್ತಾರೆ. ಇತರರು ತಾಜಾ ಹೂವನ್ನು ಅದರ ಕಹಿಗಾಗಿಯೂ ಕಂಪಿಗಾಗಿಯೂ ಬಳಸಿದರೆ ಇವರು ಎರಡು ಮೂರು ವರ್ಷ ಇಟ್ಟು ಹಳತುಮಾಡಿದ ಹೂವನ್ನೇ ಹುಡುಕಿ ಬಳಸುತ್ತಾರೆ. ಹಳೆಯ ಹೂವಿನಲ್ಲಿ ಕಹಿಯು ಬಹುಮಟ್ಟಿಗೆ ಇಳಿದಿರುವುದಾದರೂ ಕೆಡುಕನ್ನು ತಡೆಯುವ ಗುಣವು ಉಳಿದಿರುತ್ತದೆ. ಇವರಿಗೆ ಬೇಕಾದುದು ಆ ಗುಣ ಮಾತ್ರ.

ಇನ್ನು ಮುಂದಿನ ಹೆಜ್ಜೆಯೇ ಈ ಕಸಬಿನ ಪ್ರಾಣ. ಕುದಿದ ರಸವನ್ನು ಮಾಳಿಗೆಯ ಸೂರಿನಡಿಯಲ್ಲಿರುವ ಅಗಲವಾದ, ಆಳವಿಲ್ಲದ ಒಂದು ತಾಮ್ರದ ತೊಟ್ಟಿಗೆ ಏರಿಸಿ, ಕಿಟಕಿಗಳನ್ನು ತೆರೆದು, ರಾತ್ರಿಯೆಲ್ಲವೂ ಹಾಗೆಯೇ ಬಿಟ್ಟುಬಿಡುತ್ತಾರೆ. ಚಳಿಗಾಳಿಯು ರಸದ ಮೇಲೆ ಸುಳಿದಾಡಿ, ಬೆಳಗಿನ ವೇಳೆಗೆ ಅದರ ಶಾಖವನ್ನು ಸೆಂಟಿಗ್ರೇಡ್ ಮಾನದ ಸುಮಾರು ೨೦ ಡಿಗ್ರಿಗೆ ಇಳಿಸುತ್ತದೆ. ಈ ನಡುವೆ ಗಾಳಿಯಲ್ಲಿಯೂ ಹಳೆಯ ತೊಲೆಗಳಲ್ಲಿಯೂ ನೆಲೆಸಿರುವ ಅಸಂಖ್ಯಾತ ಜೀವಾಣುಗಳು ಆಹ್ವಾನವಿಲ್ಲದ ಅತಿಥಿಗಳಂತೆ ಬಂದು ರಸವನ್ನು ಸೇರಿಕೊಳ್ಳುತ್ತವೆ. ೧೮೮೩ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಎಂಬ ವಿಜ್ಞಾನಿಯು ಒಂದೇ ಜಾತಿಯ ಶುದ್ಧವಾದ ಹುದುಗನ್ನು ಬೇರ್ಪಡಿಸಿ ಬೆಳೆಸುವುದನ್ನು ಸಾಧಿಸಿದನು. ಅಂದಿನಿಂದ ಲೋಕದ ಬಿಯರು ತಯಾರಕರೆಲ್ಲರೂ ಇಂತಹ ಅತಿಥಿಗಳನ್ನು ಹೊರಗಟ್ಟುವುದನ್ನೇ ತಮ್ಮ ಕಲೆಯ ಪರಮಾವಧಿಯೆಂದು ಎಣಿಸಿದರು. ಸೆನ್ ನದಿಯ ಕಣಿವೆಯ ಕೆಲವು ಮನೆತನದವರು ಮಾತ್ರ ಕಿಟಕಿಯನ್ನು ಮುಚ್ಚಲಿಲ್ಲ.

ಮರುದಿನ ರಸವು ಓಕ್ ಅಥವಾ ಚೆಸ್ಟ್‌ನಟ್ ಮರದ ಪೀಪಾಯಿಗಳಿಗೆ ಇಳಿಯುತ್ತದೆ. ಇವು ಮೊದಲು ದ್ರಾಕ್ಷಾಮದ್ಯವನ್ನೋ ಕೊನ್ಯಾಕನ್ನೋ ತುಂಬಿಟ್ಟಿದ್ದ ಹಳೆಯ ಪೀಪಾಯಿಗಳು. ಕೆಲವು ದಿನ ಎಲ್ಲವೂ ನಿಶ್ಶಬ್ದವಾಗಿರುತ್ತದೆ. ಬಳಿಕ ಒಮ್ಮೆಲೇ ನೊರೆಯು ಪೀಪಾಯಿಯ ಬಾಯಿಂದ ಉಕ್ಕಿ ಹರಿಯತೊಡಗುತ್ತದೆ. ಈ ಆರ್ಭಟವು ತಣ್ಣಗಾದ ಮೇಲೆಯೇ ನಿಜವಾದ ಕೆಲಸಕ್ಕೆ ಆರಂಭ. ನಮ್ಮ ಮೊಸರಿನ ಹುಳಿಗೆ ಕಾರಣವಾದ ಆಮ್ಲವು ಯಾವುದೋ ಅದೇ ಆಮ್ಲವನ್ನು ಉತ್ಪತ್ತಿಮಾಡುವ ಜೀವಾಣುಗಳು ತಿಂಗಳುಗಟ್ಟಲೆ ದುಡಿದು ರಸವನ್ನು ಹುಳಿಗೊಳಿಸುತ್ತವೆ. ಅವುಗಳ ಹಿಂದೆಯೇ ‘ಬ್ರೆಟನೊಮೈಸಿಸ್’ ಎಂಬ ಕಾಡುಹುದುಗು ತಲೆಯೆತ್ತುತ್ತದೆ. ಈ ಕುಲವನ್ನು ಕಾರ್ಲ್ಸ್‌ಬರ್ಗಿನ ಕ್ಲಾಸೆನ್ ಎಂಬವನು ೧೯೦೪ರಲ್ಲಿ ಆಂಗ್ಲರ ಹಳೆಯ ಬಿಯರಿನಲ್ಲಿ ಗುರುತಿಸಿ ಹೆಸರಿಟ್ಟನು. ಬ್ರಸೆಲ್ಸಿನ ಲಾಂಬಿಕ್ಕಿನಿಂದ ೧೯೨೧ರಲ್ಲಿ ಬೇರ್ಪಡಿಸಿದ ಜಾತಿಗೆ ಆ ನಗರದ ಹೆಸರೇ ನಿಂತಿತು. ಇತರ ಕಡೆ ಇದು ಕಾಣಿಸಿಕೊಂಡರೆ ತಯಾರಕನ ಎದೆ ನಡುಗುವುದು. ಇಲ್ಲಿ ಇದೇ ಮನೆಯ ಹಿರಿಯ. ಪೀಪಾಯಿಯ ಮೇಲೆ ಇದು ಕಟ್ಟುವ ತೆಳ್ಳನೆಯ ಕೆನೆಯು ಗಾಳಿಯ ಕೇಡನ್ನು ತಡೆಯುತ್ತದೆ. ಇದು ಬಿಡುವ ವಾಸನೆಯು ಬಿಯರಿಗೆ ವ್ಯಕ್ತಿತ್ವವನ್ನು ಕೊಡುತ್ತದೆ.

ಬ್ರಸೆಲ್ಸಿನ ಆಂಡರ್ಲೆಕ್ಟ್ ಭಾಗದಲ್ಲಿರುವ ಕಾಂಟಿಯೋನ್ ಎಂಬ ಮನೆಯಲ್ಲಿ ಈ ಕ್ರಮವನ್ನೆಲ್ಲ ಪ್ರತ್ಯಕ್ಷವಾಗಿ ನೋಡಬಹುದು. ೧೯೦೦ರಲ್ಲಿ ಸ್ಥಾಪಿತವಾದ ಈ ಮನೆಯು ೧೯೭೮ರಿಂದ ಸಾರ್ವಜನಿಕರಿಗೆ ವಸ್ತುಸಂಗ್ರಹಾಲಯವಾಗಿಯೂ ತೆರೆದಿದೆ. ಅಲ್ಲಿಯ ಉಗ್ರಾಣದ ಮೂಲೆಮೂಲೆಯಲ್ಲಿಯೂ ಜೇಡರಬಲೆಗಳು ತೂಗುತ್ತಿರುತ್ತವೆ. ಇದನ್ನು ಅಶುಚಿತ್ವವೆಂದು ತಿಳಿಯಬಾರದು. ಹಣ್ಣಿನ ಕಾಲದಲ್ಲಿ ಮುತ್ತುವ ನೊಣಗಳನ್ನು ಹಿಡಿಯಲು ಜೇಡಗಳಿಗಿಂತ ನಂಬಿಕಸ್ಥರಾದ ಕಾವಲುಗಾರರು ಸಿಕ್ಕುವುದಿಲ್ಲವೆಂದು ಅವನ್ನು ಯಾರೂ ಕದಲಿಸುವುದಿಲ್ಲ.

ಹಣ್ಣಿನ ಸರದಿ ಬರುವುದು ಬೇಸಿಗೆಯ ಜುಲೈ ತಿಂಗಳ ಸುಮಾರಿಗೆ. ಪ್ರತಿ ಲೀಟರು ಲಾಂಬಿಕ್ಕಿಗೆ ಸುಮಾರು ೨೦೦ ಗ್ರಾಂ ಹುಳಿ ಚೆರ್ರಿಯನ್ನು ಬೀಜಸಹಿತವಾಗಿ ಪೀಪಾಯಿಗೆ ಸುರಿಯುತ್ತಾರೆ. ಹಣ್ಣಿನ ಸಕ್ಕರೆಯು ಮಲಗಿದ್ದ ಹುದುಗನ್ನು ಮತ್ತೆ ಎಬ್ಬಿಸುತ್ತದೆ. ಕೆಲವು ವಾರಗಳಲ್ಲಿ ಆ ಸಕ್ಕರೆಯೆಲ್ಲವೂ ತಿಂದುಹೋಗಿ, ಹಣ್ಣಿನ ಬಣ್ಣ, ಕಂಪು, ಹುಳಿಗಳು ಮಾತ್ರ ಉಳಿಯುತ್ತವೆ. ಬೀಜದೊಳಗಿನ ತಿರುಳು ಬಾದಾಮಿಯ ಎಳೆಯ ಪರಿಮಳವನ್ನು ಕೊಡುತ್ತದೆ. ಅನಂತರ ರಸವನ್ನು ಸೋಸಿ, ಸಕ್ಕರೆಯ ಅಂಶವಿನ್ನೂ ಉಳಿದಿರುವ ಎಳೆಯ ಲಾಂಬಿಕ್ಕನ್ನು ಬೆರಸಿ, ಸೀಸೆಗೆ ತುಂಬಿ ಬಿರಡೆ ಹಾಕುತ್ತಾರೆ. ಸೀಸೆಯೊಳಗೆ ಅದು ಇನ್ನೊಮ್ಮೆ ಹುದುಗಿ, ತಾನೇ ನೊರೆಯನ್ನು ಪಡೆಯುತ್ತದೆ. ಚೆರ್ರಿಯಂತೆಯೇ ರಾಸ್ಪ್‌ಬೆರಿ, ಜರ್ದಾಳು, ದ್ರಾಕ್ಷಿಗಳನ್ನು ಹಾಕುವ ಕ್ರಮವೂ ಉಂಟು. ಆದರೆ ಹಳೆಯ ಗೌರವವು ಚೆರ್ರಿಯದೇ.

ಇಷ್ಟು ತಿಳಿದ ಮೇಲೆ ಬಟ್ಟಲಿನ ಬಳಿಗೆ ಬರೋಣ. ಇಂತಹ ಕ್ರೀಕನ್ನು ಸವಿಯುವುದಕ್ಕೂ ಒಂದು ವಿಧಾನವಿದೆ. ಸೀಸೆಯನ್ನು ನಿಲ್ಲಿಸದೆ ಒಂದು ಬೆತ್ತದ ಬುಟ್ಟಿಯಲ್ಲಿ ಓರೆಯಾಗಿ ಮಲಗಿಸಿಯೇ ತರುತ್ತಾರೆ. ತಳದ ಗಷ್ಟು ಕದಡಬಾರದೆಂಬುದು ಉದ್ದೇಶ. ಬಿರಡೆಯನ್ನು ಅವಸರವಿಲ್ಲದೆ ತೆಗೆದು ಬಟ್ಟಲಿಗೆ ಬಗ್ಗಿಸಿದಾಗ ಮೊದಲು ಏಳುವುದು ತಿಳಿಗುಲಾಬಿ ಬಣ್ಣದ ನೊರೆ. ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಕೆಳಗಿನ ರಸವು ಮಾಣಿಕ್ಯದಂತೆ ಕೆಂಪು. ಕಣ್ಣಿಗೆ ಇದು ಯಾವುದೋ ಮಕ್ಕಳ ಶರಬತ್ತೆಂದು ತೋರುವುದು ಸಹಜ.

ಮೂಗನ್ನು ಹತ್ತಿರಕ್ಕೆ ತಂದೊಡನೆಯೇ ಆ ಭ್ರಮೆ ಹರಿದುಹೋಗುತ್ತದೆ. ಮೊದಲು ಚೆರ್ರಿಯ ಕಂಪು ಬರುವುದು ನಿಜ. ಆದರೆ ಅದರ ಬೆನ್ನಿಗೇ ಒದ್ದೆಯಾದ ಮರ, ಹಳೆಯ ನೆಲಮಾಳಿಗೆ, ಒಣಹುಲ್ಲು, ಕುದುರೆ ಲಾಯದ ಕಂಬಳಿ, ಇಂತಹ ನೆನಪುಗಳನ್ನೆಬ್ಬಿಸುವ ಒಂದು ವಾಸನೆ ಬರುತ್ತದೆ. ಇದು ಮೇಲೆ ಹೇಳಿದ ಕಾಡುಹುದುಗಿನ ಮುದ್ರೆ. ನಾವು ಮೊದಲ ಗುಟುಕನ್ನು ತೆಗೆದುಕೊಂಡಾಗ ದವಡೆಯ ಎರಡು ಬದಿಗಳೂ ಒಮ್ಮೆಲೇ ಬಿಗಿದುಕೊಂಡವು. ಹುಣಸೆಯಷ್ಟು ಒರಟಲ್ಲದ, ನಿಂಬೆಯಷ್ಟು ಚುರುಕಲ್ಲದ, ಎರಡು ದಿನ ಹುಳಿತ ಮೊಸರಿನಂತೆ ತುಂಬುಗಂಭೀರವಾದ ಒಂದು ಹುಳಿ. ಅದರ ಅಂಚಿನಲ್ಲಿ ಕಾಡಿಯ ಒಂದು ಗೆರೆ. ಸಿಹಿಯೆಂಬುದು ಎಲ್ಲಿಯೂ ಇಲ್ಲ. ಸಾಮಾನ್ಯ ಬಿಯರಿನ ಕಹಿಯೂ ಇಲ್ಲವೆನ್ನಬೇಕು.

ಎರಡನೆಯ ಗುಟುಕನ್ನು ಬಾಯಲ್ಲಿ ಕೊಂಚ ಹೊತ್ತು ಹಿಡಿದಿಟ್ಟರೆ ಹುಳಿಯು ಹಿಂಜರಿದು ಹಣ್ಣು ಮುಂದಕ್ಕೆ ಬರುತ್ತದೆ. ಸಕ್ಕರೆಯಿಲ್ಲದ ಹಣ್ಣಿನ ರುಚಿ ಹೇಗಿರಬಹುದು? ತಿರುಳನ್ನೆಲ್ಲ ತಿಂದು ಮುಗಿಸಿ ಚೆರ್ರಿಯ ಬೀಜವನ್ನು ನಾಲಗೆಯ ಮೇಲೆ ಹೊರಳಿಸುವಾಗ ಏನು ಉಳಿದಿರುತ್ತದೆಯೋ ಹಾಗೆ. ಬಳಿಕ ಗೋದಿಯ ಮೆತ್ತನೆಯ ಮೈ, ಮರದ ಒಗರು, ಬಾದಾಮಿಯ ನಸುಗಂಪು, ಇವು ಒಂದರ ಹಿಂದೊಂದು ತೋರಿ ಮರೆಯಾಗುತ್ತವೆ. ನುಂಗಿದ ಮೇಲೂ ಬಾಯಿ ಒಣಗಿ ಶುಭ್ರವಾಗಿ, ಇನ್ನೊಂದು ತುತ್ತು ಅನ್ನವನ್ನು ಬೇಡುವಂತಾಗುತ್ತದೆ. ಆದಕಾರಣವೇ ಅಲ್ಲಿಯವರು ಇದನ್ನು ಬರಿಯ ಹೊಟ್ಟೆಗೆ ಕುಡಿಯುವುದಿಲ್ಲ. ದಪ್ಪ ರೊಟ್ಟಿಯ ಮೇಲೆ ಬಿಳಿಯ ಹಸಿಗಿಣ್ಣನ್ನು ಬಳಿದು, ಮೂಲಂಗಿಯ ಬಿಲ್ಲೆಗಳನ್ನೂ ಎಳೆಯ ಈರುಳ್ಳಿಯನ್ನೂ ಇಟ್ಟು, ಅದರೊಡನೆ ಸ್ವಲ್ಪಸ್ವಲ್ಪವಾಗಿ ಹೀರುತ್ತಾರೆ. ಮದ್ಯಾಂಶವು ನೂರಕ್ಕೆ ೫ ಅಥವಾ ೬ ಪಾಲು ಮಾತ್ರ. ಇದನ್ನು ಬಲವಾದ ಪಾನವೆಂದು ಹೇಳುವವರು ಇದರ ಅಮಲನ್ನು ಉದ್ದೇಶಿಸಿ ಹೇಳುವುದಿಲ್ಲ. ಅವರು ಕಂಡಿರುವುದು ಇದರ ಹುಳಿಯ ಹಟವನ್ನು.

ಇದೇ ಕ್ರೀಕನ್ನು ಎಳೆಯದಾಗಿದ್ದಾಗ ಸವಿದರೆ ಹಣ್ಣು ಮುಂದೆ, ಕೊಟ್ಟಿಗೆ ಹಿಂದೆ. ನೆಲಮಾಳಿಗೆಯಲ್ಲಿ ಕೆಲವು ವರ್ಷ ಇಟ್ಟು ಸವಿದರೆ ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಹಣ್ಣು ಹಿಂದಕ್ಕೆ ಸರಿದು, ಲಾಂಬಿಕ್ಕಿನ ಮೂಲಗುಣವೇ ಮೇಲೇಳುತ್ತದೆ. ಎರಡರಲ್ಲಿ ಯಾವುದು ಉತ್ತಮವೆಂಬ ವಿಷಯದಲ್ಲಿ ಬಲ್ಲವರಲ್ಲಿಯೂ ಒಮ್ಮತವಿಲ್ಲ. ಎಳೆಯ ಮಾವಿನಕಾಯಿಯ ಉಪ್ಪಿನಕಾಯಿ ಮೇಲೋ, ವರ್ಷ ಕಳೆದು ಮಾಗಿದ ಉಪ್ಪಿನಕಾಯಿ ಮೇಲೋ ಎಂಬ ನಮ್ಮ ಮನೆಗಳ ವಾದಕ್ಕೆ ಕೊನೆಯುಂಟೆ?

ಹಾಗಾದರೆ ಇಷ್ಟು ಶ್ರಮದಿಂದ ಸಿದ್ಧವಾದ ವಸ್ತುವು ಅಳಿವಿನ ಅಂಚಿಗೆ ಏಕೆ ಬಂದಿತು? ಉತ್ತರವು ಆ ಮೊದಲ ಗುಟುಕಿನಲ್ಲಿಯೇ ಇದೆ. ೨೦ನೆಯ ಶತಮಾನದಲ್ಲಿ ಶುದ್ಧ ಹುದುಗಿನಿಂದಾದ ತಿಳಿಯಾದ, ತಣ್ಣನೆಯ ಬಿಯರು ಯೂರೋಪಿನ ಎಲ್ಲೆಡೆ ಹಬ್ಬಿತು. ಅದರೊಡನೆ ಸಿಹಿಯಾದ ಬಣ್ಣದ ಪಾನೀಯಗಳೂ ಬಂದುವು. ಹುಳಿಯೆಂದರೆ ಕೆಟ್ಟದ್ದೆಂಬ ಭಾವನೆ ಎಳೆಯರಲ್ಲಿ ಬೇರೂರಿತು. ಆಗ ಕೆಲವರು ತಯಾರಕರು ಒಂದು ಉಪಾಯವನ್ನು ಕಂಡುಕೊಂಡರು: ಲಾಂಬಿಕ್ಕನ್ನು ಬೇರೆ ಬಿಯರಿನೊಡನೆ ಬೆರಸಿ ತೆಳುಮಾಡುವುದು, ಇಡೀ ಹಣ್ಣಿಗೆ ಬದಲಾಗಿ ರಸವನ್ನೋ ಸಾರವನ್ನೋ ಹಾಕುವುದು, ಸಕ್ಕರೆಯಿಂದ ಸಿಹಿಮಾಡುವುದು, ಮತ್ತೆ ಹುದುಗದಂತೆ ಕಾಯಿಸಿ ಜೀವಾಣುಗಳನ್ನು ಕೊಲ್ಲುವುದು. ಹೆಸರು ಕ್ರೀಕ್ ಎಂದೇ ಉಳಿಯಿತು, ಬಣ್ಣವೂ ಕೆಂಪಾಗಿಯೇ ಉಳಿಯಿತು. ವಾರಗಳಲ್ಲಿ ಸಿದ್ಧವಾಗಿ ಅಗ್ಗವಾಗಿ ದೊರೆಯುವ ಈ ಸಿಹಿಯೆದುರಿಗೆ ವರ್ಷಗಳ ಹುಳಿಯು ಹೇಗೆ ನಿಂತೀತು? ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದುವು. ಶತಮಾನದ ಕೊನೆಯ ಭಾಗದಲ್ಲಿ ಬ್ರಸೆಲ್ಸ್ ನಗರದೊಳಗೆ ಹಳೆಯ ಕ್ರಮವನ್ನು ಪೂರ್ಣವಾಗಿ ಪಾಲಿಸುತ್ತಿದ್ದ ಮನೆ ಕಾಂಟಿಯೋನ್ ಒಂದೇ ಆಗಿದ್ದಿತು.

ಹಣ್ಣಿನ ಗತಿಯೂ ಇದೇ ಆಯಿತು. ಬ್ರಸೆಲ್ಸಿನ ಅಂಗವಾಗಿರುವ ಸ್ಕಾರ್ಬೇಕ್ ಒಂದು ಕಾಲಕ್ಕೆ ಚೆರ್ರಿಯ ಹಳ್ಳಿಯಾಗಿದ್ದಿತು. ಅಲ್ಲಿಯ ರೈತರು ಕತ್ತೆಗಳ ಮೇಲೆ ಹಣ್ಣನ್ನು ಹೇರಿಕೊಂಡು ಪೇಟೆಗೆ ಬರುತ್ತಿದ್ದುದರಿಂದ ಆ ಊರಿಗೆ ‘ಕತ್ತೆಗಳ ಊರು’ ಎಂಬ ಅಡ್ಡಹೆಸರೇ ಬಂದಿತ್ತು. ಸ್ಕಾರ್ಬೇಕಿನ ಚೆರ್ರಿ ಚಿಕ್ಕದು, ಕಡುಗೆಂಪು, ಬಹು ಹುಳಿ. ಬಿಯರಿಗೆಂದೇ ಹುಟ್ಟಿದ ಹಣ್ಣು. ನಗರವು ಬೆಳೆದು ತೋಟಗಳಿದ್ದ ಕಡೆ ಬೀದಿಗಳಾದುವು. ಇಂದು ಆ ಜಾತಿಯ ಹಣ್ಣು ದುರ್ಲಭವಾಗಿ, ತಯಾರಕರು ಬಹುಪಾಲು ಚೆರ್ರಿಯನ್ನು ಹೊರಗಿನಿಂದ ತರಿಸಬೇಕಾಗಿದೆ. ಕಣಿವೆಗೆ ಹೆಸರು ಕೊಟ್ಟ ಸೆನ್ ನದಿಯನ್ನು ಸಹ ನಗರದವರು ೧೮೬೭ರಿಂದ ೧೮೭೧ರ ವರೆಗೆ ಕಮಾನು ಕಟ್ಟಿ ನೆಲದಡಿಗೆ ಸೇರಿಸಿದರು.

ಆದರೂ ಕಥೆಯು ದುಃಖದಲ್ಲಿಯೇ ಮುಗಿಯಲಿಲ್ಲ. ೧೯೭೫ರ ಸುಮಾರಿಗೆ ಫ್ರಾಂಕ್ ಬೋನ್ ಎಂಬ ಯುವಕನು ಲೆಂಬೇಕ್ ಗ್ರಾಮದಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಒಂದು ಮನೆಯನ್ನು ವಹಿಸಿಕೊಂಡು ಹಳೆಯ ಪದ್ಧತಿಯನ್ನು ಮುಂದುವರಿಸಿದನು. ಬೇರ್ಸೆಲ್ ಗ್ರಾಮದ ‘ಮೂರು ಕಾರಂಜಿಗಳು’ ಎಂಬ ಅರ್ಥದ ಹೆಸರುಳ್ಳ ಮನೆಯಲ್ಲಿ ಆರ್ಮಾಂಡ್ ಡೆಬೆಲ್ಡರ್ ತನ್ನ ತಂದೆಯ ಕಸಬನ್ನು ಹಿಡಿದನು. ೨೦೦೯ರ ಮೇ ತಿಂಗಳಲ್ಲಿ ಅಲ್ಲಿಯ ಉಗ್ರಾಣದ ಶಾಖವನ್ನು ಹತೋಟಿಯಲ್ಲಿಡುವ ಯಂತ್ರವು ಕೆಟ್ಟು, ಕೋಣೆಯು ಕಾದು, ಸಾವಿರಾರು ಸೀಸೆಗಳು ಸಿಡಿದುವು. ಉಳಿದುವು ಮಾರಲು ಯೋಗ್ಯವಾಗದೆ ಹೋದುವು. ವರ್ಷಗಳ ದುಡಿಮೆಯು ಕೆಲವೇ ದಿನಗಳಲ್ಲಿ ಹಾಳಾಯಿತು. ಕೆಟ್ಟ ಬಿಯರನ್ನು ಭಟ್ಟಿಯಿಳಿಸಿ ಬೇರೊಂದು ಮದ್ಯವನ್ನಾಗಿ ಮಾಡಿ ಮಾರಿ, ಸ್ನೇಹಿತರ ನೆರವಿನಿಂದ ಆತನು ಮತ್ತೆ ಎದ್ದುನಿಂತನು. ೨೦೨೨ರಲ್ಲಿ ಆತನು ತೀರಿಕೊಂಡಾಗ ಆ ಮನೆಯ ಪೀಪಾಯಿಗಳು ತುಂಬಿಯೇ ಇದ್ದುವು.

ಸರಕಾರಗಳೂ ತಮ್ಮ ಪಾಲನ್ನು ಸಲ್ಲಿಸಿದುವು. ೧೯೯೭ರಲ್ಲಿ ಯೂರೋಪಿನ ಒಕ್ಕೂಟವು ‘ಔಡೆ ಕ್ರೀಕ್’, ಎಂದರೆ ‘ಹಳೆಯ ಕ್ರೀಕ್’, ಎಂಬ ಹೆಸರಿಗೆ ರಕ್ಷಣೆಯನ್ನು ಕೊಟ್ಟಿತು. ಈ ಹೆಸರನ್ನು ಹಚ್ಚಬೇಕಾದರೆ ಬಿಯರು ತಾನಾಗಿ ಹುದುಗಿ ಮರದಲ್ಲಿ ಮಾಗಿದ್ದಿರಬೇಕು. ಬರಿಯ ‘ಕ್ರೀಕ್’ ಎಂಬ ಹೆಸರಿನಲ್ಲಿ ಸಿಹಿಯನ್ನು ಮಾರುವುದಕ್ಕೆ ಇಂದಿಗೂ ಅಡ್ಡಿಯಿಲ್ಲ. ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ಬೆಲ್ಜಿಯಂ ದೇಶದ ಬಿಯರು ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಆದರೆ ಯಾವ ಶಾಸನವೂ ತಡೆಯಲಾರದ ಒಂದು ಕಂಟಕವು ಈಗ ಎದುರಾಗಿದೆ. ತೆರೆದ ತೊಟ್ಟಿಯ ರಸವು ಒಂದು ರಾತ್ರಿಯಲ್ಲಿ ತಣಿಯಬೇಕಾದರೆ ಹೊರಗೆ ಚಳಿಯಿರಲೇಬೇಕು. ಗಾಳಿ ಬೆಚ್ಚಗಾದರೆ ಬೇಡದ ಜೀವಾಣುಗಳು ಮೊದಲೇ ಬಂದು ರಸವನ್ನು ಕೆಡಿಸುತ್ತವೆ. ಕಾಂಟಿಯೋನ್ ಮನೆಯವರು ಹೇಳುವಂತೆ, ಅವರ ಅಜ್ಜನ ಕಾಲದಲ್ಲಿ ಅಕ್ಟೋಬರಿನ ಮಧ್ಯದಿಂದ ಮೇ ತಿಂಗಳವರೆಗೂ ರಸವನ್ನು ಕುದಿಸುವುದು ಸಾಧ್ಯವಿತ್ತು. ಈಗ ಅವಧಿಯು ಎರಡು ಕಡೆಯಿಂದಲೂ ಕುಗ್ಗಿ, ಅಕ್ಟೋಬರಿನ ಕೊನೆಯಿಂದ ಮಾರ್ಚಿ ತಿಂಗಳ ಕೊನೆಯವರೆಗೆ ಬಂದುನಿಂತಿದೆ. ೨೦೧೫ರ ನವೆಂಬರಿನಲ್ಲಿ ರಾತ್ರಿಗಳು ತಣಿಯದೆ ಅವರು ಕೆಲಸವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಯಂತ್ರದಿಂದ ತಣಿಸಬಾರದೆ ಎಂದು ಕೇಳಬಹುದು. ತಣಿಸಬಹುದು, ಆದರೆ ಗಾಳಿಯು ಹೊತ್ತು ತರುವ ಅತಿಥಿಗಳನ್ನು ಯಂತ್ರವು ಕರೆತರಲಾರದಷ್ಟೆ.

ಆದುದರಿಂದ ಈ ಬಿಯರಿನ ಉಳಿವು ಮೂರರ ಮೇಲೆ ನಿಂತಿದೆ ಎಂದು ನಮಗೆ ತೋರುತ್ತದೆ: ಚಳಿಯ ರಾತ್ರಿ, ಕಾಯಬಲ್ಲ ಕೆಲಸಗಾರ, ಹುಳಿಯನ್ನು ಗುರುತಿಸಬಲ್ಲ ನಾಲಗೆ. ಮೊದಲನೆಯದು ಯಾವ ಒಂದು ಮನೆಯ ಕೈಯಲ್ಲಿಯೂ ಇಲ್ಲ. ಎರಡನೆಯದು ಮೂರನೆಯದನ್ನು ನಂಬಿಕೊಂಡಿದೆ. ಸವಿಯುವವನು ಬಣ್ಣವನ್ನೂ ಸಕ್ಕರೆಯನ್ನೂ ಕಂಡು ತೃಪ್ತನಾದರೆ, ಮೂರು ವರ್ಷ ಕಾಯುವ ಮೂರ್ಖತನವನ್ನು ಯಾವ ತಯಾರಕನೂ ಮಾಡಲಾರನು. ಫ್ರಾಂಕ್ ಬೋನನಿಗೂ ಡೆಬೆಲ್ಡರನಿಗೂ ಹುರುಪು ಕೊಟ್ಟವರು, ಹುಳಿಯ ಬಟ್ಟಲನ್ನು ಮುಂದೆ ತಳ್ಳದೆ ಎರಡನೆಯ ಗುಟುಕನ್ನೂ ತೆಗೆದುಕೊಂಡ ಆ ಊರಿನ ಸಾಮಾನ್ಯ ಜನರೇ. ಈ ಮಾತು ಬ್ರಸೆಲ್ಸಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ ವರ್ಷ ಕಾದು ಮಾಗುವ ಜಾಡಿಗಳಿವೆ; ಅವುಗಳ ಹೆಸರಿನಲ್ಲಿ ಅಂಗಡಿಯಲ್ಲಿ ಮಾರುವ ಸೀಸೆಗಳೂ ಇವೆ. ಎರಡನ್ನೂ ಪಕ್ಕದಲ್ಲಿಟ್ಟು ಒಮ್ಮೆ ರುಚಿ ನೋಡುವುದನ್ನು ಮಕ್ಕಳಿಗೆ ಕಲಿಸಿದರೆ ಅದು ಸಣ್ಣ ವಿದ್ಯೆಯೇನೂ ಆಗಲಾರದು.